ಕೆರಿಯನ ಇನ್ನೊಂದು ಕಣ್ಣು

ಮಂಚಿಕೇರಿಯ ಸುಬ್ಬಿ ಸದ್ದಿಲ್ಲದೆ ಅಡುಗೆ ಮಾಡುವುದನ್ನು ಗಂಡ ಕೆರಿಯನ ದೆಸೆಯಿಂದ ಕಲಿತಳು. ಕಣ್ಣು ಚೆನ್ನಾಗಿದ್ದಾಗ ಕೆರಿಯ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ಒನಕೆಯಿಂದ ಹೊಡೆದು ಒಮ್ಮೆ ಅವಳ ಮೊಣಕೈ ಮುರಿದಿದ್ದ. ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ, ಸದ್ದು ಬಂದ ಕಡೆಗೆ ಸಿಕ್ಕಿದ್ದನ್ನು ಎಸೆಯತೊಡಗಿದ. ಸುಬ್ಬಿ ಬಳೆಗಳಿಗೆ ಚಿಂದಿ ಸುತ್ತಿಕೊಂಡಳು. ಕಾದ ಪಾತ್ರೆಯನ್ನು ಬೂದಿಯ ಮೇಲೆ ಇಳಿಸಿದಳು. ಎಸೆದದ್ದು ಗೋಡೆಗೆ ಬೀಳುತ್ತಿತ್ತು. ಮದುವೆಯಾದ ಮೇಲೆ ಅವಳ ಮೈಯ ಗಾಯಗಳೆಲ್ಲ ಮೊದಲ ಸಲ ಮಾಗಿದ್ದು ಆಗಲೇ.

೧೯೬೩ರ ಚಳಿಗಾಲದಲ್ಲಿ ಯಲ್ಲಾಪುರದ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆಯಿತು. ಕಣ್ಣಿನ ವೈದ್ಯರಾಗಲು ತರಬೇತಿಯಲ್ಲಿದ್ದ ಹುಡುಗರನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ದೊಡ್ಡ ಡಾಕ್ಟರು ಬಂದಿದ್ದರು. ಸುಬ್ಬಿ ಬೇಡವೆಂದರೂ ಮೈದುನ ಬೀರ ಅಣ್ಣನನ್ನು ಗಾಡಿಯಲ್ಲಿ ಕರೆತಂದ. ಕೆರಿಯನ ಎಡಗಣ್ಣು ಶಾಂತಾರಾಮನೆಂಬ ಹುಡುಗನ ಪಾಲಿಗೆ ಬಂತು. ಅವನು ತಾನೇ ಮಾಡಿದ ಮೊದಲ ಆಪರೇಷನ್ ಅದು. ದೊಡ್ಡ ಡಾಕ್ಟರು ಹೊಲಿಗೆ ನೋಡಿ ಬೆನ್ನು ತಟ್ಟಿದರು.

ಶಾಂತಾರಾಮ ಸುಬ್ಬಿಗೆ ಆರೈಕೆ ವಿವರಿಸಿದ. ರೋಗಿ ಅಂಗಾತ ಮಲಗಿರಬೇಕು, ಬಾಗಬಾರದು, ಕೂಗಬಾರದು. ಉಣಿಸುವುದು, ಒರೆಸುವುದು, ಹೇಲು ಉಚ್ಚೆ ಎತ್ತುವುದು ಅವಳ ಕೆಲಸ. ಅವನಿಗೆ ಸಿಟ್ಟು ಬಾರದಂತೆ ನೋಡಿಕೊಳ್ಳುವುದೂ ಅವಳದೇ.

ಮೂರನೆಯ ದಿನ ಉಣಿಸುವಾಗ ಗಂಜಿ ತುಸು ಹೆಚ್ಚು ಬಿಸಿಯಿತ್ತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಕೆರಿಯ, ಉಣಿಸುವ ಕೈಯನ್ನು ತಡಕಿ, ತುರುಬು ಹಿಡಿದು, ಎದ್ದು ಕೂತು ಅವಳ ತಲೆಯನ್ನು ಮಂಚದ ಕಬ್ಬಿಣಕ್ಕೆ ಬಡಿದ. ಮತ್ತೆ ಬಡಿದ. ಅವಳ ಹಲ್ಲು ಮುರಿಯಿತು. ಜನ ಬಿಡಿಸುವಷ್ಟರಲ್ಲಿ ಅವನ ಪಟ್ಟಿಯೂ ಕೆಂಪಾಗಿತ್ತು. ಹೊಲಿಗೆ ಹರಿದು ಕಣ್ಣೊಳಗಿನದು ಹೊರಬಂದಿತ್ತು.

ಗಂಜಿ ಆರಿಸಿ ಕೊಡಲಿಕ್ಕೆ ಏನಾಗಿತ್ತೆಂದು ಬೀರ ಅತ್ತಿಗೆಯನ್ನು ಬೈದ. ಶಾಂತಾರಾಮ ತನ್ನ ಕೈಗಳನ್ನೇ ನೋಡುತ್ತ ಕೂತುಬಿಟ್ಟ. ಹುಡುಗನ ಧೈರ್ಯ ಕೆಡಬಾರದೆಂದು ದೊಡ್ಡ ಡಾಕ್ಟರು, ಗಾಯ ಮಾಗಿದ ಮೇಲೆ ಬಲಗಣ್ಣನ್ನೂ ಇವನೇ ಮಾಡಲಿ ಎಂದರು. ಆದರೆ ಆರೈಕೆಗೆ ಮನೆಯವರೊಬ್ಬರು ಒಪ್ಪಬೇಕು. ಇಲ್ಲದಿದ್ದರೆ ಆಪರೇಷನ್ ಇಲ್ಲ.

"ಅವ್ಳು ಇರ್ತಾಳೆ. ಎಲ್ಲಿ ಹೋಗ್ತಾಳೆ?" ಎಂದ ಕೆರಿಯ.

ಸುಬ್ಬಿ ಬಾಯೊಳಗಿನ ರಕ್ತ ಉಗುಳಿ ಬಂದು ಶಾಂತಾರಾಮನ ಎದುರು ನಿಂತಳು.

"ಡಾಕ್ಟ್ರೆ, ನಿಮ್ಮ ಹೊಲಿಗೆ ಸಮಾ ಇತ್ತು. ನನ್ನ ತಲೆ ಬಡ್ದಿದ್ದಕ್ಕೆ ಹರೀತು. ಇನ್ನೊಂದು ಕಣ್ಣಿಗೆ ನಾ ಬರೂದಿಲ್ಲ."

ಹಾಗಾದರೆ ಆರೈಕೆ ಮಾಡುವವರು ಯಾರು ಎಂದು ಬೀರ ಕೇಳಿದ.

"ನಿನ್ನ ಅಣ್ಣ ಅಲ್ದಾ? ನೀ ಮಾಡು."

ಬೀರ ಮಂಚದ ಕೆಳಗಿದ್ದ ಉಚ್ಚೆಯ ಡಬ್ಬಿಯನ್ನು ನೋಡಿದ. ಎತ್ತಲಿಲ್ಲ. ಬಲಗಣ್ಣಿನ ಆಪರೇಷನ್ ನಡೆಯಲೇ ಇಲ್ಲ.