‘ಸ’ದಿಂದ ‘ಪ’ದವರೆಗಿನ ದೂರ

ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಘನಕಾರ್ಯ: ಎರಡು ಲೋಹದ ತುಂಡುಗಳ ನಡುವೆ ಎಷ್ಟು ಸಂದಿಯಿದೆ ಎಂದು ಅಳೆಯುವುದು. ಕೂದಲೆಳೆಯಷ್ಟು ತಪ್ಪಿದರೂ ಕೆಂಪು ಶಾಯಿ. ಅಂಥವನು ನಿವೃತ್ತನಾಗಿ ಹಲಸೂರಿನ ಶನಿವಾರದ ಭಜನೆಗೆ ಹಾರ್ಮೋನಿಯಂ ನುಡಿಸಲು ಕುಳಿತಾಗ ಸಂದಿಗಳ ವಿಷಯವನ್ನೇ ಮರೆತುಬಿಟ್ಟೆ.

ನನ್ನ ವಿಧಾನ ಸರಳ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಬೆಲೆ ಬರೆಯಲು ಮಾರುವ ಬಿಳಿ ಸ್ಟಿಕರ್ ತಂದು, ಒಂದು ಬಿಳಿ ಕೀ ಮೇಲೆ ‘ಸ’ ಎಂದು ಅಂಟಿಸಿದೆ. ಮುಂದಕ್ಕೆ ರಿ, ಗ, ಮ. ಭಜನೆ ಹೇಳಿಕೊಡುವ ನಿವೃತ್ತ ಶಿಕ್ಷಕಿ ಯಾವತ್ತೂ ಆ ಕೀಯಿಂದಲೇ ಹಾಡುತ್ತಿದ್ದರು. ಹೀಗಾಗಿ ಎರಡು ವರ್ಷ ಲೋಕ ನನ್ನನ್ನು ಬಲ್ಲವನೆಂದು ನಂಬಿತ್ತು. ಆ ಲೋಕದಲ್ಲಿ ನಾನೂ ಸೇರಿದ್ದೆ.

ಒಂದು ಶನಿವಾರ ಅವರಿಗೆ ನೆಗಡಿ. ಗಂಟಲು ಮೇಲೇರದೆ ಎರಡು ಕೀ ಕೆಳಗಿನಿಂದ ಶುರುಮಾಡಿದರು. ನಾನು ಸ್ಟಿಕರ್‌ಗಳಿಗೆ ನಿಷ್ಠನಾಗಿ ನನ್ನ ‘ಸ’ದಿಂದಲೇ ಹೊರಟೆ. ಸಭಾಂಗಣದ ಹಿರಿಯರು ಒಬ್ಬೊಬ್ಬರಾಗಿ ಕಣ್ಣು ತೆರೆದರು.

ಪಕ್ಕದಲ್ಲಿದ್ದ ಢೋಲಕ್ ಗೆಳೆಯ ಬಗ್ಗಿ ಕೇಳಿದ: “ಏನ್ ಗುರು, ಅವ್ರು ಶಿವಾಜಿನಗರದ ಬಸ್ ಹತ್ತಿದ್ರೆ ನೀನು ಕೆ.ಆರ್.ಪುರಂದು ಹತ್ಬಿಟ್ಯಲ್ಲ?”

ಮಂಗಳಾರತಿಯಾದ ಮೇಲೆ ಶಿಕ್ಷಕಿ ಮೆಲ್ಲಗೆ ಹೇಳಿದರು: “ಬೇಜಾರ್ ಮಾಡ್ಕೋಬೇಡಿ. ಮುಂದಿನ್ ವಾರ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತರ್ತೀನಿ. ನೀವು ಹೊಂದ್ಕೊಂಡ್ರೆ ಸರಿ. ಇಲ್ಲಾಂದ್ರೆ ಹಾರ್ಮೋನಿಯಂ ಬಿಟ್ಟು ತಾಳ ಹಾಕಿ, ಅದೂ ಸೇವೆನೇ.”

ವಾರದಲ್ಲಿ ಯಾರಾದರೂ ನನಗಾಗಿ ಕಾಯುತ್ತಿದ್ದ ಜಾಗ ಭಜನೆಯ ಆ ಚಾಪೆಯೊಂದೇ. ಸಹಜವಾಗಿಯೇ ತಪ್ಪನ್ನು ಹಾರ್ಮೋನಿಯಂ ಮೇಲೆ ಹೊರಿಸಿ, ಅದನ್ನು ಆಟೋದಲ್ಲಿ ಕೂರಿಸಿಕೊಂಡು ಶಿವಾಜಿನಗರದ ರಿಪೇರಿಯವರ ಬಳಿಗೆ ಒಯ್ದೆ.

ಅವರು ಮುಚ್ಚಳ ತೆಗೆದು, ಬೆರಳಾಡಿಸಿ, ನನ್ನನ್ನೇ ದಿಟ್ಟಿಸಿದರು. “ಪೆಟ್ಟಿಗೆ ಠೀಕ್ ಐತೆ ಸಾಬ್. ಒಂದ್ ರೀಡ್ ಸ್ವಲ್ಪ ಶ್ರುತಿ ಜಾರೈತೆ, ಅಷ್ಟೇ. ಇದೇನಿದು, ಬಸ್‌ಸ್ಟಾಪಿಗೆ ಬೋರ್ಡ್ ಹಾಕ್ದಂಗೆ?” ಎನ್ನುತ್ತಲೇ ಉಗುರಿನಿಂದ ನನ್ನ ಎರಡು ವರ್ಷದ ಪಾಂಡಿತ್ಯವನ್ನು ಕೆರೆದು ಹಾಕತೊಡಗಿದರು.

“ಅಯ್ಯೋ, ‘ಸ’ ಎಲ್ಲಿದೆ ಅಂತ ಹೆಂಗ್ರೀ ಗೊತ್ತಾಗುತ್ತೆ?”

“ನೀವ್ ಎಲ್ಲಿ ನಿಂತ್ರೆ ಅಲ್ಲೇ ‘ಸ’. ಅಲ್ಲಿಂದ ಕಪ್ಪು ಬಿಳಿ ಎಲ್ಲಾ ಸೇರ್ಸಿ ಎಣಿಸಿ. ನಾಲ್ಕು ಹೆಜ್ಜೆಗೆ ‘ಗ’, ಏಳು ಹೆಜ್ಜೆಗೆ ‘ಪ’. ಜಾಗ ನೋಡ್ಬೇಡಿ ಸಾಬ್, ದೂರ ನೋಡಿ.”

ಒಂದು ಕೀಯಿಂದ ಏಳು ಹೆಜ್ಜೆ ಎಣಿಸಿ ಎರಡನ್ನೂ ಒಟ್ಟಿಗೆ ಒತ್ತಿದರು. ಆಮೇಲೆ ಬೇರೆ ಕಡೆಯಿಂದ. ಮತ್ತೊಂದು ಕಡೆಯಿಂದ. ಸ್ವರಗಳು ಬೇರೆ ಬೇರೆ. ಮುಖ ಮಾತ್ರ ಒಂದೇ. ಅಜ್ಜಿ, ತಾಯಿ, ಮಗಳು ಒಂದೇ ನಗು ನಕ್ಕಂತೆ. ನಾನು ಅಷ್ಟು ದಿನ ರಾಗ ಎಂದು ಕೇಳುತ್ತಿದ್ದುದು ಸ್ವರಗಳನ್ನಲ್ಲ, ಅವುಗಳ ನಡುವಿನ ಸಂದಿಗಳನ್ನು. ಜೀವಮಾನವೆಲ್ಲ ಸಂದಿ ಅಳೆದವನಿಗೆ ಇದನ್ನು ಹೇಳಲು ಇನ್ನೊಬ್ಬರು ಬೇಕಾಯಿತು.

ಜಾರಿದ ರೀಡಿನ, ಎಂದರೆ ದನಿ ಹೊರಡಿಸುವ ಹಿತ್ತಾಳೆ ನಾಲಿಗೆಯ, ಸರದಿ ಬಂತು. ಎರಡು ಸ್ವರ ಹಿಡಿದಾಗ ನಡುವೆ ವ್ವಾ-ವ್ವಾ-ವ್ವಾ ಎಂಬ ಸಣ್ಣ ನಡುಕ. ಅವರು ರೀಡನ್ನು ಒಮ್ಮೆ ಕೆರೆದರು, ನಡುಕ ನಿಧಾನವಾಯಿತು. ಇನ್ನೊಮ್ಮೆ ಕೆರೆದರು; ಮುದುಕನ ಉಸಿರಿನಂತೆ ಎಳೆಯಿತು. ಮೂರನೆಯ ಸಲ ನಿಂತೇ ಹೋಯಿತು. ಎರಡು ದನಿ ಒಂದಕ್ಕೊಂದು ಒರಗಿ ಅಲ್ಲಾಡದೆ ನಿಂತವು. ಹೊರಗೆ ಬಸ್ಸುಗಳು ಅರಚುತ್ತಲೇ ಇದ್ದವು. ನನ್ನ ತೋಳಿನ ರೋಮ ಎದ್ದಿತ್ತು. ಕಾರ್ಖಾನೆಯ ಯಾವ ಉಪಕರಣವೂ ನನಗೆ ಹಾಗೆ ಮಾಡಿರಲಿಲ್ಲ.

“ಯಾವುದರಲ್ಲಿ ಅಳೆದ್ರಿ?” ಎಂದು ಕೇಳಿದೆ. ಅವರು ಕಿವಿ ಮುಟ್ಟಿ ತೋರಿಸಿದರು.

ಆ ವಾರವಿಡೀ ಮನೆಯಲ್ಲಿ ಕೀಗಳ ಮೇಲೆ ಎಲ್ಲೆಂದರಲ್ಲಿ ನಿಂತು ಏಳು ಹೆಜ್ಜೆ ಹಾಕಿದೆ.

ಶನಿವಾರ ಶ್ರುತಿಪೆಟ್ಟಿಗೆ ಚಾಪೆಯ ಮೇಲೆ ಆಗಲೇ ಗುಂಯ್‌ಗುಡುತ್ತಿತ್ತು. ಢೋಲಕ್‌ನವನು ಬೋಳು ಕೀಗಳನ್ನು ನೋಡಿ ಪಿಸುಗುಟ್ಟಿದ: “ಸ್ಟಿಕರ್ ಎಲ್ಲಿ ಮಗಾ? ಇವತ್ತು ನಿನ್ ಕಥೆ ಮುಗೀತು.”

ಶಿಕ್ಷಕಿಯ ಗಂಟಲು ಇನ್ನೂ ಪೂರ್ತಿ ಸರಿಹೋಗಿರಲಿಲ್ಲ. ಶ್ರುತಿಪೆಟ್ಟಿಗೆಯ ‘ಸ’ ಎಲ್ಲೋ ಇತ್ತು, ಅವರು ಹಾಡುತ್ತ ಇನ್ನೆಲ್ಲೋ ಇಳಿದು ನಿಂತರು. ನಾನು ಕಣ್ಣು ಮುಚ್ಚಿದೆ. ಅವರು ನಿಂತಲ್ಲಿ ನಾನೂ ಹೋಗಿ ನಿಂತೆ, ಏಳು ಹೆಜ್ಜೆ ಎಣಿಸಿ ‘ಪ’ ಒತ್ತಿದೆ. ಮೊದಲು ಎರಡು ದನಿಗಳ ನಡುವೆ ಒಂದಿಷ್ಟು ನಡುಕ. ಅವರು ದನಿಯನ್ನು ತುಸುವೇ ಸರಿಸಿದರು, ನಡುಕ ನಿಂತಿತು.

ಹಾಡು ನಿಲ್ಲಿಸದೆಯೇ ಅವರು ಎಡಗೈ ಚಾಚಿ ಶ್ರುತಿಪೆಟ್ಟಿಗೆಯ ಸ್ವಿಚ್ ಆಫ್ ಮಾಡಿದರು.