ಗೋಡೆಗೆ ಒರಗಿ ಕೂತ ಅಣ್ಣ

ಅಪ್ಪ ಸತ್ತದ್ದು ಐವತ್ತೆರಡನೇ ವಯಸ್ಸಿಗೆ. ಕಮಲಾಪುರದಲ್ಲಿ ಮಾಸ್ತರನಾಗಿದ್ದ ಅಣ್ಣನಿಗೆ ಐವತ್ತೊಂದು ತುಂಬಿದ್ದೇ ತಡ, ತನಗೂ ಅಷ್ಟೇ ಆಯುಷ್ಯ ಎಂಬ ಅಂಜಿಕೆ ತಲೆಗೆ ಹೊಕ್ಕಿತು. ಉಪವಾಸ ಮಾಡಿದರೆ ಮುಪ್ಪು ತಡವಾಗಿ ಬರುತ್ತದೆ, ಸಕ್ಕರೆ ಕಾಯಿಲೆಯ ಒಂದು ಗುಳಿಗೆಯೂ ಆಯುಷ್ಯ ಹೆಚ್ಚಿಸಬಹುದು ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ. ಅವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಔಷಧಿ ಅಂಗಡಿ ನಡೆಸುವ ತಂಗಿ ಮಾತ್ರ ಇದ್ದಳು, ನಾನು.

“ಗುಳಿಗಿ ತಿಂದ ಇಲಿ ಹೆಚ್ಚು ದಿನ ಬದುಕ್ಯಾವಂತ,” ಎಂದ.

“ನೀ ಏನ ಇಲಿ ಇದ್ದಿ ಏನಣ್ಣಾ? ಮನಷ್ಯಾರಿಗಿ ಇನ್ನಾ ಖಾತ್ರಿ ಆಗಿಲ್ಲ.”

“ಖಾತ್ರಿ ಆಗೂತನಕ ನಾ ಇರಬೇಕಲ್ಲ!”

ನಕ್ಕುಬಿಟ್ಟೆ. ನಗುನಗುತ್ತಲೇ, ಡಾಕ್ಟರರ ಚೀಟಿಯನ್ನೂ ಕೇಳದೆ ಗುಳಿಗೆ ಕೊಟ್ಟೆ. ಆ ನಗು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸೋಮವಾರದ ಒಪ್ಪತ್ತು ನಮ್ಮ ಮನೆತನಕ್ಕೆ ಹೊಸದಲ್ಲ. ಅವನ ಉಪವಾಸ ಬೆಳೆಯುತ್ತಾ ಹೋಯಿತು. ದಿನಕ್ಕೊಂದು ಊಟ, ಆಮೇಲೆ ಎರಡು ದಿನಕ್ಕೊಂದು. ಕೆನ್ನೆ ಒಳಸೇರಿದವು, ನಡೆದರೆ ಸಪ್ಪಳವೇ ಇಲ್ಲ. ಮುಖ ದಿನೇ ದಿನೇ ಅಪ್ಪನದೇ ಆಗುತ್ತಿತ್ತು. ಶ್ರಾವಣದಲ್ಲಿ ಅವನ ಹೆಂಡತಿ, ನಮ್ಮ ವೈನಿ, ಚೀಲ ಹಿಡಿದು ನನ್ನ ಮನೆಗೇ ಬಂದುಬಿಟ್ಟಳು. “ಉಣ್ಣಲಾರದ ಗಂಡನ ಎದುರಿಗಿ ಕುಂತು ನಾ ಹ್ಯಾಂಗ ಉಣ್ಲವ್ವಾ? ಕಣ್ಣ ಮಿಟಕಸಲಾರದ ನನ್ನ ಬಾಯೇ ನೋಡ್ತಾರ.”

ಬುದ್ಧಿ ಹೇಳೋಣವೆಂದು ಮರುದಿನ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿದೆ. ಅಣ್ಣನ ಮನೆ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕುತ್ತೇವೆ. ಅಪ್ಪನನ್ನು ಕೂಡಿಸಿದ್ದ ಅದೇ ಗೋಡೆಗೆ ಅಣ್ಣ ಒರಗಿ ಕೂತಿದ್ದ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ.

“ಪೂಜಿಗಿ ಹೂವು ಕೊಡಾಕ ಬಂದಿದ್ದೆ. ಹಿಂಗೇ ಕುಂತಿದ್ದ. ಮೂರು ಸಲ ಕರದೆ. ಮೈ ತಣ್ಣಗಾಗ್ಯಾದ,” ಎಂದು ಬಾಜು ಮನೆಯ ಮುದುಕಿ ಬಿಕ್ಕಿದಳು.

ಅವನ ಕಾಲ ಮೇಲೆ ಬಿದ್ದು ಅತ್ತೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ನನ್ನ ಹಣೆಗೆ ತಾಗಿದ ಪಾದ ತಣ್ಣಗಿತ್ತು, ಆದರೆ ಒದ್ದೆಯಾಗಿತ್ತು. ಬೆವರು. ಸತ್ತವರು ಬೆವರುವುದಿಲ್ಲ.

ಆಗ ಮಣಿಕಟ್ಟು ಹಿಡಿದೆ. ನಾಡಿ ಸಣ್ಣಗೆ ಓಡುತ್ತಿತ್ತು. ಉಪವಾಸದ ಮೇಲೆ ಆ ಗುಳಿಗೆ, ರಕ್ತದಲ್ಲಿ ಸಕ್ಕರೆ ಇಳಿದಿರಬೇಕು ಅನಿಸಿತು; ಗಾಡಿ ತರಿಸಿರೆಂದು ಕೂಗಿ, ಅಡುಗೆಮನೆಯಿಂದ ಸಕ್ಕರೆ ತಂದು ಒಸಡಿಗೆ ತಿಕ್ಕಿದೆ. ತಿಕ್ಕುತ್ತಲೇ ಇದ್ದೆ. ಕಡೆಗೆ ಅವನ ಕಣ್ಣು ತೆರೆದವು. ಕೂತವರಲ್ಲಿ ಅರ್ಧ ಜನ ಹೊರಗೆ ಓಡಿದರು.

ಹಾರ ಹಾಕಿದವರು ಯಾರೂ ತೆಗೆಯಲು ಮುಂದೆ ಬರಲಿಲ್ಲ. ನಾನೇ ತೆಗೆದೆ.

“ಎಲ್ಲಾ ಕೇಳಾಕತ್ತಿತ್ತು,” ಎಂದ ಅಣ್ಣ. “ಕಣ್ಣ ತೆರೀಲಿಕ್ಕ ಆಗಲಿಲ್ಲ. ನಿನ್ನ ದನಿ ಕೇಳಿ ಧೈರ್ಯ ಬಂತು. ಔಷಧದಾಕಿ ಇದ್ದಾಳ, ಬಂದವಳೇ ನಾಡಿ ನೋಡ್ತಾಳ ಅಂದ್ಕೊಂಡೆ.”

ನನ್ನ ಕೈಯಲ್ಲಿದ್ದ ಹಾರ ನೋಡಿ, “ನೀನೂ ಎಲ್ಲಾರಂಗ ಮೊದಲ ಅತ್ತಿ,” ಎಂದ.