ಪಾಲು ಕೂಗುವ ಜಟ್ಟ

ಕಾರವಾರಕ್ಕೆ ಆ ಕಾಲದಲ್ಲಿ ಬರದವರು ಯಾರು ಹೇಳಿ? ಮುಂಬಯಿಯ ಆಗಬೋಟಿನಿಂದ ಗುಜರಾತಿ ವ್ಯಾಪಾರಿಗಳು ಇಳಿಯುತ್ತಿದ್ದರು. ಕೋರ್ಟು ಕಚೇರಿಗೆಂದು ಮರಾಠಿ ಗುಮಾಸ್ತರು ಬರುತ್ತಿದ್ದರು. ಗೋವೆಯ ಕ್ರಿಸ್ತಾಂವರು, ಭಟ್ಕಳದ ನವಾಯತರು, ಘಟ್ಟದ ಮೇಲಿನ ಗಾಡಿಯವರು, ಎಲ್ಲರೂ ಬಂದರು, ಎಲ್ಲರೂ ಉಳಿದರು. ಮೈಮೇಲೆ ಒಂದು ಕೋಟು, ಕಾಲಿಗೆ ಒಂದು ಜೋಡು ಇದ್ದರೆ ಯಾಕೆ ಬಂದೆ ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಪಕ್ಕದ ಅಂಕೋಲೆ ತಾಲೂಕಿನ ಹಿಲ್ಲೂರಿನಿಂದ ಹಾಲಕ್ಕಿ ಬುಡಕಟ್ಟಿನ ಜಟ್ಟ ಗೌಡ ಎಂಬವನು ಹೆಂಡತಿಯನ್ನು ಕರೆದುಕೊಂಡು ನಡೆದು ಬಂದರೆ ನಮ್ಮ ಕೇರಿಗೆ ಕೇರಿಯೇ ಮೂಗು ಮುರಿಯಿತು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾವೇನು ಈ ದಂಡೆಯ ಮೇಲೆ ಆಕಾಶದಿಂದ ಉದುರಿದವರೇ? ನನ್ನ ಅಜ್ಜ ಪುಂಡಲೀಕನ ಹಿರಿಯರು ಪೋರ್ತುಗೀಜರಿಗೆ ಹೆದರಿ ಗೋವೆಯಿಂದ ದೇವರನ್ನು ತಲೆಯ ಮೇಲೆ ಹೊತ್ತು ಓಡಿಬಂದವರು. ಆ ಕಥೆಯನ್ನು ಎದೆಯುಬ್ಬಿಸಿ ಹೇಳುತ್ತಿದ್ದ ಅಜ್ಜನೇ ಜಟ್ಟನನ್ನು ಕಂಡಾಗ, "ಯಾವೂರವ? ಎಂತಕೆ ಬಂದೆ?" ಎಂದು ಕೇಳಿದ್ದನಂತೆ. ಎಂತಹ ಮರೆವು ನೋಡಿ!

ಜಟ್ಟ ಬಂದದ್ದು ಜ್ವರದಿಂದ ತಪ್ಪಿಸಿಕೊಳ್ಳಲು. ಹಿಲ್ಲೂರು ಕಾಡಿನ ನಡುವಿನ ಊರು. ಆ ವರ್ಷಗಳಲ್ಲಿ ಅಲ್ಲಿ ಚಳಿಜ್ವರ ಮನೆಮನೆಯನ್ನೂ ಗುಡಿಸಿಕೊಂಡು ಹೋಗುತ್ತಿತ್ತು. ಗದ್ದೆಯಿದ್ದರೂ ನೇಗಿಲು ಹಿಡಿಯುವವರಿಲ್ಲ, ಮನೆಯಿದ್ದರೂ ದೀಪ ಹಚ್ಚುವವರಿಲ್ಲ. ಜಟ್ಟನಿಗೂ ಅವನ ಹೆಂಡತಿ ಬೊಮ್ಮಿಗೂ ಎರಡು ಮಕ್ಕಳು ಹುಟ್ಟಿದ್ದವು. ಎರಡನ್ನೂ ಜ್ವರವೇ ಒಯ್ದಿತು. ಎರಡನೆಯದನ್ನು ಮಣ್ಣು ಮಾಡಿ ಬಂದ ಮೇಲೆ ಬೊಮ್ಮಿ ಒಲೆ ಹಚ್ಚಲಿಲ್ಲ. ಇನ್ನೊಂದು ಕೂಸು ಹುಟ್ಟುವುದಾದರೆ ಈ ಊರಿನಲ್ಲಿ ಹುಟ್ಟುವುದು ಬೇಡ ಎಂದಳು. ಮೊದಲು ಅಂಕೋಲೆಗೆ ಬಂದರು. ಅಲ್ಲಿ ಕರನಿರಾಕರಣೆಯ ಗಲಾಟೆ, ನೆಂಟರ ಗದ್ದೆಗಳೇ ಜಪ್ತಿಯಾಗಿದ್ದವು, ಕೂಲಿ ಕೊಡುವವರು ಯಾರು? ಹಾಗೆ ಕಡಲ ಬದಿ ಹಿಡಿದು ಕಾರವಾರಕ್ಕೆ ಬಂದು ನಮ್ಮ ಕೇರಿಯ ಕೊನೆಯಲ್ಲಿ, ದೋಣಿಗಳನ್ನು ಎಳೆದಿಡುವ ಕಡೆ, ತೆಂಗಿನ ಮಡಲು ಹೊದಿಸಿ ಒಂದು ಬಿಡಾರ ಹಾಕಿಕೊಂಡರು.

ನಮ್ಮ ಕೇರಿ ಮೀನುಗಾರರದು, ಮನೆಯೊಳಗೆ ಕೊಂಕಣಿ, ಹೊರಗೆ ಕನ್ನಡ. ದೊಡ್ಡ ರಂಪಣಿ ಬಲೆಯ ತಂಡೇಲ, ಅಂದರೆ ಬಲೆಯ ಯಜಮಾನ, ನನ್ನ ಅಜ್ಜ. ರಂಪಣಿಯನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಸುತ್ತು ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಂಡೆಯಿಂದ ಎಳೆಯಬೇಕು. ಅದಕ್ಕೆ ಕೈಗಳು ಎಷ್ಟಿದ್ದರೂ ಸಾಲವು. ಜಟ್ಟ ಬಂದ ಮರುದಿನವೇ ಹೋಗಿ ಹಗ್ಗ ಹಿಡಿದ. ಯಾರೂ ಬೇಡ ಎನ್ನಲಿಲ್ಲ. ಬಲೆ ಭಾರವಿದ್ದಾಗ ಯಾರ ಕೈಯಾದರೇನು!

ಬೇಡ ಎಂದದ್ದು ಪಾಲು ಕೊಡುವಾಗ. ಅವನ ಮುಖ ಹಳದಿಯಾಗಿತ್ತು, ಹೊಟ್ಟೆ ಸ್ವಲ್ಪ ಉಬ್ಬಿತ್ತು, ನೋಡಿದರೇ ಹಿಲ್ಲೂರು ಎಂದು ತಿಳಿಯುತ್ತಿತ್ತು. ಜ್ವರಗೌಡ ಎಂದು ಹೆಸರಿಟ್ಟರು. ಬೊಮ್ಮಿ ಬಾವಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಅವಳ ಕೊರಳಿನ ಮಣಿಸರಗಳನ್ನೂ ರವಕೆ ಇಲ್ಲದ ಉಡುಗೆಯನ್ನೂ ನೋಡಿ ನಗುತ್ತಿದ್ದವರಲ್ಲಿ ನನ್ನ ಅಜ್ಜಿ ಕಾಶಿಯೇ ಮುಂದೆ. ಇದನ್ನೆಲ್ಲ ನನಗೆ ಹೇಳಿದವಳೂ ಅವಳೇ, ಮುಚ್ಚುಮರೆ ಅವಳ ಸ್ವಭಾವವಲ್ಲ.

ಈಗ ಪಾಲಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಲೆ ದಂಡೆಗೆ ಬಂದ ಮೇಲೆ ಮೀನನ್ನು ಮರಳಿನ ಮೇಲೆ ಗುಪ್ಪೆ ಗುಪ್ಪೆಯಾಗಿ ಸುರಿಯುತ್ತಿದ್ದರು, ಪಾಲು ಇದ್ದವರು ಎಷ್ಟೋ ಗುಪ್ಪೆ ಅಷ್ಟು. ಎಷ್ಟೇ ಸಮ ಮಾಡಿದರೂ ಒಂದರಲ್ಲಿ ದೊಡ್ಡ ಮೀನು, ಇನ್ನೊಂದರಲ್ಲಿ ಸಣ್ಣದು. ಅದಕ್ಕೆ ಒಬ್ಬನನ್ನು ಗುಪ್ಪೆಗಳಿಗೆ ಬೆನ್ನು ಮಾಡಿ ಕಡಲ ಕಡೆ ಮುಖ ಹಾಕಿ ನಿಲ್ಲಿಸುತ್ತಿದ್ದರು. ಇನ್ನೊಬ್ಬ ಒಂದೊಂದು ಗುಪ್ಪೆಯನ್ನು ಕೋಲಿನಿಂದ ತೋರಿಸಿ, "ಇದ್ಯಾರ್ದು?" ಎಂದು ಕೇಳುವುದು. ಬೆನ್ನು ಹಾಕಿದವನು ಒಂದು ಹೆಸರು ಕೂಗುವುದು. ಕೂಗಿದ ಹೆಸರಿನವನಿಗೆ ಆ ಗುಪ್ಪೆ. ಅದನ್ನು ಬದಲಿಸುವಂತಿಲ್ಲ. ಹಾಗೆ ಪಾಲು ಪಡೆದ ಮನೆಗೆ ಕೇರಿಯಲ್ಲಿ ಜಾಗ, ಬಾವಿಯ ನೀರು ಎಲ್ಲವೂ ಉಂಟು. ಪಾಲಿದ್ದವರನ್ನು ಎಬ್ಬಿಸಿ ಕಳಿಸುವ ಅಧಿಕಾರ ತಂಡೇಲನಿಗೂ ಇರಲಿಲ್ಲ.

ಇಷ್ಟೆಲ್ಲ ಕಟ್ಟುಪಾಡು ಇದ್ದರೂ ಮೋಸ ಮಾಡುವವರು ಮಾಡುತ್ತಿದ್ದರು. ಒಳ್ಳೆಯ ಗುಪ್ಪೆಗೆ ಕೋಲು ಹೋದಾಗ ಯಾರೋ ಕೆಮ್ಮುವುದು, ಕೂಗುವವನು ತಕ್ಷಣ ತನ್ನ ಭಾವನ ಹೆಸರು ಕೂಗುವುದು! ಒಮ್ಮೆ ತುಳಸಿದಾಸ ಎಂಬವನು ಇಂಥದೇ ಕೆಮ್ಮಿನಿಂದ ಸಿಟ್ಟೆದ್ದು ಸ್ವಂತ ತಮ್ಮ ಶಾಂತಾರಾಮನಿಗೆ ದೋಣಿಯ ಹುಟ್ಟಿನಿಂದ ಹೊಡೆದುಬಿಟ್ಟ. ತಲೆ ಒಡೆದು ರಕ್ತ ಹರಿಯಿತು. ಆಗ ಅಜ್ಜನ ಕಣ್ಣಿಗೆ ಜಟ್ಟ ಬಿದ್ದ. ಅವನಿಗೆ ಇಲ್ಲಿ ಅಣ್ಣನಿಲ್ಲ, ಭಾವನಿಲ್ಲ, ಪಾಲಂತೂ ಇಲ್ಲವೇ ಇಲ್ಲ. ಅವನಿಗಾಗಿ ಕೆಮ್ಮುವವರು ಯಾರು? "ಪಾಲು ಇಲ್ದವನೇ ಕೂಗ್ಲಿ" ಎಂದು ಅಜ್ಜ ತೀರ್ಮಾನ ಮಾಡಿದ. ಎಲ್ಲರೂ ಒಪ್ಪಿದರು.

ಅಲ್ಲಿಂದ ಮುಂದೆ ಪ್ರತಿ ಬಲೆಗೂ ಜಟ್ಟನೇ ಕೂಗಿದ. ಅವನಿಗೆ ಕೇರಿಯವರೆಲ್ಲರ ಹೆಸರು ಬಾಯಿಪಾಠವಾಯಿತು. ತಂಡೇಲನ ಹೆಸರನ್ನು ಮರ್ಯಾದೆಗೆಂದು ಕೊನೆಗೆ ಕೂಗುತ್ತಿದ್ದ. ಜಗಳ ನಿಂತಿತು. ಅಣ್ಣತಮ್ಮ ಮತ್ತೆ ಒಂದೇ ದೋಣಿ ಹತ್ತಿದರು. ಎಲ್ಲ ಮುಗಿದ ಮೇಲೆ ಅಜ್ಜ ಒಂದು ಬೊಗಸೆ ಮೀನನ್ನು ಅವನ ಕಡೆ ಮರಳಿನ ಮೇಲೆ ಎಸೆಯುತ್ತಿದ್ದ. ಕೈಗೆ ಕೊಡುತ್ತಿರಲಿಲ್ಲ. ಊರಿನ ಜಗಳ ಬಿಡಿಸಿದವನಿಗೆ ಈ ಮರ್ಯಾದೆ! ಜಟ್ಟ ಬಗ್ಗಿ ಹೆಕ್ಕಿಕೊಂಡು ಹೋಗುತ್ತಿದ್ದ.

ಎರಡನೆಯ ವರ್ಷ ಬೊಮ್ಮಿ ಬಸಿರಾದಳು. ಮಳೆಗಾಲ ಕಳೆಯುವ ಹೊತ್ತಿಗೆ ದಿನ ತುಂಬುತ್ತ ಬಂದಿತ್ತು. ಜಟ್ಟನ ಮುಖದ ಹಳದಿ ಹೋಗಿತ್ತು, ಕಡಲಗಾಳಿ ಹಿಡಿಸಿತ್ತು. ಈ ಕೂಸು ಉಳಿಯುತ್ತದೆ ಎಂದು ಇಬ್ಬರಿಗೂ ಧೈರ್ಯ ಬಂದಿತ್ತು. ಅದೇ ಹೊತ್ತಿಗೆ ನನ್ನ ಅಪ್ಪ ದೇವಾನಂದನಿಗೆ ಜ್ವರ ಬರಬೇಕೆ? ಅಪ್ಪ ಆಗ ಇನ್ನೂ ಎದೆಹಾಲು ಬಿಡದ ಕೂಸು. ಮೈ ಕೆಂಡವಾಗಿ ಗಡಗಡ ನಡುಗಿದನಂತೆ. ಅಜ್ಜಿ ಕೂಸನ್ನು ಎತ್ತಿಕೊಂಡು ಸೀದಾ ಮಡಲಿನ ಬಿಡಾರದ ಎದುರು ಹೋಗಿ ನಿಂತಳು.

"ನಿಂಗೆ ಎಷ್ಟ್ ಮಕ್ಳು ಹುಟ್ಟಿದ್ವೇ?" ಎಂದು ಕೇಳಿದಳು.

"ಎರಡು ಒಡ್ತಿ. ಎರಡೂ ಜ್ವರದಲ್ಲೇ ಹೋದ್ವು" ಎಂದಳು ಬೊಮ್ಮಿ.

"ನಿನ್ನೆರಡು ಸಾಲ್ಲಿಲ್ಲ ಅಂತ ನನ್ನದ್ಕೂ ತಂದ್ಯಾ?"

ಮಗು ಕಳೆದುಕೊಂಡ ತಾಯಿಗೆ ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಅದನ್ನು ಆಡಿದವಳು ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆಳೆಸಿದವಳು. ಏನು ಹೇಳಲಿ? ಹೆದರಿಕೆ ಹೊಕ್ಕ ಮನೆಯಲ್ಲಿ ನ್ಯಾಯ ಕೂರುವುದಿಲ್ಲ. ಅದು ಅವಳ ತಪ್ಪೇ, ಅದನ್ನು ನಾನು ಮುಚ್ಚುವುದಿಲ್ಲ.

ಸಂಜೆ ಅಜ್ಜ ಬಂದು ಜಟ್ಟನಿಗೆ ಹೇಳಿದ. "ನಾಳೆ ಬೆಳಿಗ್ಗೆ ಬಿಡಾರ ಕಿತ್ಕೊಂಡ್ ಹೊರಡ್ಬೇಕು. ಕೇರಿ ಜನ ಹೆದ್ರಿದಾರೆ."

"ಎಲ್ಲಿಗ್ ಹೋಗೂದು ಒಡೆಯಾ? ಇವಳಿಗೆ ದಿನ ಹತ್ರ ಬಂದದೆ. ಹಿಲ್ಲೂರಿಗೆ ಹೋದ್ರೆ ಈ ಕೂಸೂ ಉಳಿಯೂದಿಲ್ಲ."

"ಅದು ನಂಗೆ ಗೊತ್ತಿಲ್ಲ ಮಾರಾಯಾ. ಬಂದವ್ರು ಬಂದಲ್ಲಿಗೇ ಹೋಗೂದು."

ಬೆಳಿಗ್ಗೆ ಜಟ್ಟ ಗಂಟು ಕಟ್ಟಿ ಮರಳಿನ ಮೇಲೆ ಇಟ್ಟಿದ್ದ. ಚಾಪೆ, ಎರಡು ಮಡಕೆ, ಒಂದು ಕತ್ತಿ, ಅಷ್ಟೇ ಅವರ ಸಂಸಾರ. ಆಗಲೇ ದಂಡೆಯಲ್ಲಿ ಬೊಬ್ಬೆ ಎದ್ದಿತು. ಬಂಗಡೆ ಮೀನಿನ ಹಿಂಡು ಬಂದಿತ್ತು! ನೀರು ಅಷ್ಟು ದೂರ ಕಪ್ಪಾಗಿ ಕುದಿಯುತ್ತಿತ್ತು, ಮೇಲೆ ಹಕ್ಕಿಗಳು ಕಿರುಚುತ್ತಿದ್ದವು. ಇಂಥ ಮೀನು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ದೋಣಿ ಹೋಯಿತು, ಬಲೆ ಸುತ್ತಿತು. ಹಗ್ಗ ಎಳೆದರೆ ಅಲುಗುತ್ತಿಲ್ಲ. ಅಜ್ಜ ಅತ್ತಿತ್ತ ನೋಡಿದ. "ಏ ಗೌಡಾ, ನಿಂತ್ಕೊಂಡ್ ಎಂತ ನೋಡ್ತೆ? ಬಾ ಹಿಡಿ! ಆಮೇಲೆ ಹೋಗುವಿಯಂತೆ" ಎಂದ.

ನಾಚಿಕೆಯಾದರೂ ಬೇಡವೇ ಈ ಜನಕ್ಕೆ! ಜಟ್ಟ ಹೋಗಿ ಹಿಡಿದ. ಅವನ ಹಿಂದೆಯೇ ಬೊಮ್ಮಿ ಬಂದು, ಹೊಟ್ಟೆಗೆ ತಾಗದಂತೆ ಬದಿಗೆ ನಿಂತು, ಹಗ್ಗಕ್ಕೆ ಎರಡೂ ಕೈ ಹಾಕಿದಳು. ಯಾರೋ ಒಬ್ಬಳು, "ನೀ ಬ್ಯಾಡ್ವೇ" ಎಂದಳು. ಬೊಮ್ಮಿ ಕೈ ತೆಗೆಯಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬಲೆ ದಂಡೆ ಮುಟ್ಟಿತು. ಮೊಣಕಾಲೆತ್ತರ ಬಂಗಡೆ, ಕಾಲಿಡಲು ಜಾಗವಿಲ್ಲ.

ಗುಪ್ಪೆ ಹಾಕಿದರು. ಅವುಗಳಲ್ಲಿ ಜಟ್ಟನದಾಗಲಿ ಬೊಮ್ಮಿಯದಾಗಲಿ ಇರಲಿಲ್ಲ, ಯಾವತ್ತೂ ಇರಲಿಲ್ಲ. ಜಟ್ಟ ಎಂದಿನಂತೆ ಹೋಗಿ ಬೆನ್ನು ಮಾಡಿ ನಿಂತ. ತುಳಸಿದಾಸ ಕೋಲು ಹಿಡಿದ.

"ಇದ್ಯಾರ್ದು?"

"ಶಾಂತಾರಾಮಂದು."

"ಇದ್ಯಾರ್ದು?"

"ಬೇಬಿದು."

ಹೀಗೆ ನಡೆಯಿತು. ಹೆಸರು ಬಂದವರು ಗುಪ್ಪೆಯ ಹಿಂದೆ ಹೋಗಿ ನಿಲ್ಲುತ್ತಿದ್ದರು. ಸುಮಾರು ಅರ್ಧ ಮುಗಿದಿತ್ತು.

"ಇದ್ಯಾರ್ದು?"

ಜಟ್ಟ ಎಲ್ಲರ ಹೆಸರು ಕೂಗಿದ ಅದೇ ದನಿಯಲ್ಲಿ, "ಬೊಮ್ಮಿದು" ಎಂದ.

ತುಳಸಿದಾಸನ ಕೋಲು ಗುಪ್ಪೆಯ ಮೇಲೇ ನಿಂತಿತು. ಅವನು ತಂಡೇಲನ ಮುಖ ನೋಡಿದ. ಬೊಮ್ಮಿ ನಡೆದು ಬಂದು ಆ ಗುಪ್ಪೆಯ ಹಿಂದೆ ನಿಂತಳು. ತುಳಸಿದಾಸ ಬೇರೆ ದಾರಿ ಕಾಣದೆ ಮುಂದಿನ ಗುಪ್ಪೆಗೆ ಹೋದ. ಜಟ್ಟ ಉಳಿದವರ ಹೆಸರು ಕೂಗುತ್ತಾ ಹೋದ. ಕೊನೆಯ ಗುಪ್ಪೆಯೂ ಆಯಿತು. ಉಳಿದದ್ದು ಒಂದೇ ಹೆಸರು, ತಂಡೇಲ ಪುಂಡಲೀಕನದು. ಅವನಿಗೆ ಗುಪ್ಪೆ ಇರಲಿಲ್ಲ.

ಅಜ್ಜನ ಸಿಟ್ಟು ನನಗೆ ಗೊತ್ತು, ಅದರಲ್ಲಿ ಅರ್ಧ ನನಗೇ ಬಂದಿದೆ. "ಏನೋ ಇದು? ಪಾಲು ಇಲ್ದವ ಕೂಗ್ಬೇಕು ಅಂದ್ರೆ ನೀ ನಿಂದೇ ಕೂಗ್ಕೊಂಡ್ಯಾ?" ಎಂದು ಅಬ್ಬರಿಸಿದ.

ಜಟ್ಟ ಕಡಲಿಗೆ ಮುಖ ಮಾಡಿಯೇ ಹೇಳಿದ. "ನನ್ನ ಹೆಸರು ಕೂಗ್ಲಿಲ್ಲ ಒಡೆಯಾ. ಹಗ್ಗಕ್ಕೆ ಕೈ ಹಾಕ್ದವ್ರ ಹೆಸರು ಕೂಗ್ದೆ. ಅವಳು ಹಾಕಿದ್ಲು, ಎಲ್ಲರೂ ನೋಡೀರಿ."

"ಇದನ್ನ ಅಳಿಸಿ ಮತ್ತೆ ಮೊದಲಿಂದ ಕೂಗು!"

ಆಗ ಬಾಯಿ ತೆಗೆದವನು ತುಳಸಿದಾಸ. ಕರುಣೆಯಿಂದಲ್ಲ, ಅವನು ಅಂಥವನಲ್ಲ. ತಮ್ಮನ ತಲೆಯ ಮೇಲಿನ ಗಾಯದ ಕಲೆ ಅವನ ಕಣ್ಣೆದುರೇ ಇತ್ತು. "ಅಳಿಸೂಕೆ ಬರೂದಿಲ್ಲ ತಂಡೇಲಾ" ಎಂದ. "ಇವತ್ತು ನೀ ಒಂದು ಅಳಿಸಿದ್ರೆ ನಾಳೆ ನಾ ಇನ್ನೊಂದು ಅಳಿಸ್ತೆ. ಇಷ್ಟ್ ದಿನ ಇವ ಕೂಗಿದ್ದನ್ನೆಲ್ಲ ನಾವು ತಿಂದಿದೀವಿ. ಆಮೇಲೆ ಮತ್ತೆ ಹುಟ್ಟು ಹಿಡ್ಕೊಂಡೇ ಪಾಲು ಮಾಡ್ಬೇಕಾಯ್ತದೆ."

ತಮ್ಮ ತಮ್ಮ ಗುಪ್ಪೆಯ ಹಿಂದೆ ನಿಂತವರಿಗೆ ಮತ್ತೆ ಮೊದಲಿನಿಂದ ಕೂಗಿಸುವುದು ಬೇಕಿರಲಿಲ್ಲ. ಅಜ್ಜನ ಮನಸ್ಸು ಕರಗಿತು ಎಂದು ಬರೆಯಲು ನನಗೂ ಆಸೆ. ಕರಗಲಿಲ್ಲ. ಅವನಿಗೆ ಕಟ್ಟುಪಾಡು ಎಂದರೆ ದೇವರು, ಅದನ್ನು ಮುರಿಯಲು ಕೈ ಬರಲಿಲ್ಲ, ಅಷ್ಟೇ. ಆಮೇಲೆ, "ಗೌಡಾ, ನಾಳಿಂದ ನೀ ಪಾಲು ಕೂಗೂದು ಬ್ಯಾಡ" ಎಂದ.

ಜಟ್ಟ ತಲೆಯಾಡಿಸಿದ. ಹೋಗಿ ಗಂಟು ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ಬೊಮ್ಮಿಯನ್ನು ಕರೆಯಲು ಕೈ ಚಾಚಿದ.

"ಏ! ಎಲ್ಲಿಗೆ ಹೊರಟೆ?" ಎಂದು ಅಜ್ಜ ಮತ್ತೆ ಅಬ್ಬರಿಸಿದ. "ಮನೇಲಿ ಪಾಲು ಇಟ್ಕೊಂಡವ ಕೂಗೂಕಾಗ್ತದಾ? ಇನ್ನು ಕೂಗೂಕೆ ಬೇರೆ ಯಾರನ್ನಾದ್ರೂ ಹುಡುಕ್ಬೇಕು. ಅದೊಂದು ತಲೆಬಿಸಿ ತಂದಿಟ್ಟೆ ನಂಗೆ."

ಜಟ್ಟನಿಗೆ ತಕ್ಷಣ ತಿಳಿಯಲಿಲ್ಲ, ಗಂಟು ಹೊತ್ತುಕೊಂಡೇ ನಿಂತಿದ್ದ. ತಿಳಿದದ್ದು ಬೊಮ್ಮಿಗೆ. ಎರಡು ಮಕ್ಕಳನ್ನು ಮಣ್ಣು ಮಾಡಿ ಬಂದವಳು, ಹಿಂದಿನ ದಿನ ಅಷ್ಟು ಅನಿಸಿಕೊಂಡರೂ ಕಣ್ಣೀರು ಹಾಕದವಳು, ಆ ಬಂಗಡೆಯ ಗುಪ್ಪೆಯ ಪಕ್ಕ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟಳು. ನನ್ನ ಅಜ್ಜಿ ಕಾಶಿ ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಲ್ಲೇ ಇದ್ದಳು. ಹತ್ತಿರ ಹೋಗಲು ಅವಳಿಗೆ ಇನ್ನೂ ಹೆದರಿಕೆ. ನಿಂತಲ್ಲಿಂದಲೇ ಕೈಯಲ್ಲಿದ್ದ ಬುಟ್ಟಿಯನ್ನು ಬೊಮ್ಮಿಯ ಕಡೆ ಉರುಳಿಸಿದಳು.

"ಅಳ್ತಾ ಕೂತ್ರೆ ಕಾಗೆ ಮೀನು ಒಯ್ತದೆ" ಎಂದಳು. "ಇದ್ರಲ್ಲಿ ತುಂಬ್ಕೋ. ನಮ್ಮನೆ ಬುಟ್ಟಿ ಇವತ್ತು ಖಾಲಿನೇ."